ಜಿಂಕೆಗೆ ಅಂತ ನೆಟ್ಟಿದ್ದು, ಜಿಂಕೆಯಿಂದ್ಲೇ ಕಾದಿದ್ದು

ನಮ್ಮೂರು ಕೊಪ್ಪದ ಹತ್ರ. ಅಲ್ಲಿ ಜಿಂಕೆ ಅಂದ್ರೆ ಗದ್ದೆಗೆ ನುಗ್ಗೋ ಕಳ್ಳ, ಅಷ್ಟೇ. ಚಿಕ್ಕೋನಿದ್ದಾಗ ಭತ್ತ ತೆನೆ ಬರೋ ಟೈಮಲ್ಲಿ ಅಪ್ಪ ಚಿಕ್ಕಪ್ಪ ಸರದಿ ಹಾಕ್ಕೊಂಡು ಅಟ್ಟಣೆ ಮೇಲೆ ಮಲಗಿ ರಾತ್ರಿಯೆಲ್ಲ ಡಬ್ಬ ಬಡೀತಿದ್ದಿದ್ದು ನಂಗೆ ಚೆನ್ನಾಗಿ ನೆನಪಿದೆ, ಹಂದಿ ಬಂದ್ರೂ ಕಡವೆ ಬಂದ್ರೂ ಜಿಂಕೆ ಬಂದ್ರೂ ಒಂದೇ ಡಬ್ಬ. ಹಾಗಿರೋವಾಗ ಅವರ ಮಗ ಅಮೆರಿಕದಲ್ಲಿ ದುಡ್ಡು ಕೊಟ್ಟು ಗಿಡ ತಂದು, ಚಳಿಗಾಲದಲ್ಲಿ ಜಿಂಕೆ ತಿನ್ಲಿ ಅಂತ ಕೆಸರಲ್ಲಿ ಇಳಿದು ನೆಡ್ತಿದ್ದಾನೆ ಅಂತ ಗೊತ್ತಾದಾಗ ಅಪ್ಪ ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಲೈನ್ ಕಟ್ ಆಯ್ತೇನೋ ಅಂದ್ಕೊಂಡೆ. ಆಮೇಲೆ "ಎಂತ ಮಾರಾಯ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲಿ ನಾವು ಇಷ್ಟು ವರ್ಷದಿಂದ ಪುಕ್ಕಟೆ ಸಾಕ್ತಾ ಇದೀವಲ್ಲ" ಅಂದ್ರು.

ಜಮೀನು ತಗೊಂಡಿದ್ದು 2020ರ ಅಕ್ಟೋಬರಲ್ಲಿ. ಕೋವಿಡ್ ಟೈಮು, ಮನೆಯಿಂದ್ಲೇ ಕೆಲಸ, ಎಲ್ರಿಗೂ ಊರಾಚೆ ಒಂದು ತುಂಡು ಭೂಮಿ ಬೇಕು ಅನ್ನೋ ಹುಚ್ಚು ಹತ್ತಿದ್ದ ಕಾಲ, ನಮಗೂ ಹತ್ತಿತ್ತು. ಮಿಶಿಗನ್‌ನ ಲ್ಯಾಪೀರ್ ಕೌಂಟಿ, ಡೆಟ್ರಾಯ್ಟ್‌ನಿಂದ ಉತ್ತರಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ದಾರಿ, 11 ಎಕರೆ. ರೇಟು ಕಮ್ಮಿ ಯಾಕೆ ಅಂತ ಏಜೆಂಟನ್ನ ಕೇಳಿದ್ರೆ ಹಿಂದೆ ಒಂದು ನಾಲ್ಕು ಎಕರೆ "ಸ್ವಲ್ಪ ತೇವ" ಅಂದ. ಆ ಸ್ವಲ್ಪ ತೇವದಲ್ಲಿ ಮುಂದಿನ ಏಪ್ರಿಲಲ್ಲಿ ಬಾತುಕೋಳಿ ಈಜ್ತಾ ಇದ್ವು.

ನಮ್ಮ ಕಡೆ ಇಂಥ ಜಾಗಕ್ಕೆ ಹಡ್ಲು ಅಂತೀವಿ. ನಾಗರಹೊಳೆ ಸಫಾರಿಗೆ ಹೋಗಿರೋರು ನೋಡಿರ್ತೀರಿ, ಕಾಡಿನ ಮಧ್ಯ ತಗ್ಗಲ್ಲಿ ಹುಲ್ಲು ಬೆಳೆದಿರೋ ಜೌಗು, ಬೇಸಿಗೇಲಿ ಸುತ್ತ ಎಲ್ಲ ಒಣಗಿ ಕರಕಲಾದ್ರೂ ಅಲ್ಲಿ ಒಂದಿಷ್ಟು ಹಸಿರು ಉಳಿದಿರತ್ತೆ, ಜಿಂಕೆ ಕಾಟಿ ಎಲ್ಲ ಅಲ್ಲೇ ಬೀಡು ಬಿಟ್ಟಿರತ್ತೆ. ಅಲ್ಲಿನ ಪ್ರಾಣಿಗೆ ಕಷ್ಟಕಾಲ ಅಂದ್ರೆ ಮಾರ್ಚ್ ಏಪ್ರಿಲ್, ಇಲ್ಲಿನ ಬಿಳಿಬಾಲದ ಜಿಂಕೆಗೆ ಜನವರಿ ಫೆಬ್ರವರಿ. ಹುಲ್ಲು ಹಿಮದಡಿ, ಓಕ್ ಕಾಯಿ ಎಲ್ಲ ಡಿಸೆಂಬರ್ ಒಳಗೇ ಖಾಲಿ, ಉಳಿಯೋದು ಬರೀ ಕಡ್ಡಿ. ಹೋದ ಬೇಸಿಗೇಲಿ ಬೆಳೆದ ಪೆನ್ಸಿಲ್‌ಗಿಂತ ತೆಳ್ಳಗಿರೋ ಎಳೆ ಕಡ್ಡಿ, ಅದರ ತುದಿಯ ಮೊಗ್ಗು, ಅದನ್ನೇ ದಿನಕ್ಕೆ ಎರಡರಿಂದ ಮೂರು ಕೇಜಿ ತಿಂದು ಬದುಕತ್ತೆ. ಅಷ್ಟು ತಿಂದ್ರೂ ಚಳಿಗಾಲ ಮುಗಿಯೋ ಹೊತ್ತಿಗೆ ಮೈತೂಕದಲ್ಲಿ ಐದರಲ್ಲೊಂದು ಭಾಗ ಇಳಿದಿದ್ರೆ ಅದೇನು ದೊಡ್ಡ ವಿಷ್ಯ ಅಲ್ಲ.

ಮೊದಲ ಚಳಿಗಾಲ ಶನಿವಾರ ಶನಿವಾರ ಹೋಗಿ ನೋಡೋದು, ಹಿಮದಲ್ಲಿ ಹೆಜ್ಜೆ ಗುರುತೋ ಹೆಜ್ಜೆ ಗುರುತು. ಆದ್ರೆ ತಿನ್ನೋಕೆ ಅಲ್ಲಿ ಏನೂ ಇರ್ಲಿಲ್ಲ. ಅಂಚಲ್ಲಿರೋ ಮರಗಳ ಕೆಳಗಿನ ಕೊಂಬೆಯೆಲ್ಲ ಐದಡಿ ಎತ್ತರದ ತನಕ ಕತ್ತರಿ ಹಾಕಿದ ಹಾಗೆ ಒಂದೇ ಲೆವೆಲ್ಲಿಗೆ ಖಾಲಿ, ಜಿಂಕೆ ಕತ್ತು ಎಟುಕೋದು ಅಲ್ಲೀ ತನಕ. ನನ್ನ ಹೆಂಡತಿ ಪಾಪ ಅಂತ ಫೀಡ್ ಅಂಗಡಿಯಿಂದ ಎರಡು ಮೂಟೆ ಮುಸುಕಿನ ಜೋಳ ಕಾರಿಗೆ ಹಾಕಿಸಿಯೇ ಬಿಟ್ಲು. ಪುಣ್ಯಕ್ಕೆ ಪಕ್ಕದ ಜಮೀನಿನ ಅಜ್ಜ ಎದುರಿಗೆ ಸಿಕ್ಕ, ಎಂಬತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಅಲ್ಲೇ ಇರೋನು. ಮೂಟೆ ನೋಡಿದ್ದೇ ತಲೆ ಆಡಿಸಿದ. ಒಂದನೇದು, 2019ರ ಜನವರಿ ಕೊನೆಯಿಂದ ಮಿಶಿಗನ್‌ನ ಲೋಯರ್ ಪೆನಿನ್ಸುಲಾದಲ್ಲಿ, ಅಂದ್ರೆ ನಮ್ಮ ಜಮೀನಿರೋ ದಕ್ಷಿಣ ಭಾಗದಲ್ಲಿ, ಜಿಂಕೆಗೆ ಮೇವು ಹಾಕೋದೇ ನಿಷೇಧ ಆಗಿತ್ತು, ಯಾಕಂದ್ರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಒಂದು ವಾಸಿಯಾಗದ ರೋಗ 2015ರಲ್ಲಿ ಇಲ್ಲಿನ ಕಾಡುಜಿಂಕೇಲಿ ಸಿಕ್ತು, ಎಲ್ಲ ಒಂದೇ ಗುಡ್ಡೆಗೆ ಬಾಯಿ ಹಾಕಿದ್ರೆ ಎಂಜಲಲ್ಲಿ ಹರಡತ್ತೆ. ಎರಡನೇದು ನಂಗೆ ತಕ್ಷಣ ಅರ್ಥ ಆಯ್ತು, ಯಾಕಂದ್ರೆ ನಾವು ದನ ಸಾಕಿದೋರು. ಮೆಲುಕು ಹಾಕೋ ಪ್ರಾಣಿ ಹೊಟ್ಟೆ ಒಳಗಿರೋ ಸೂಕ್ಷ್ಮಜೀವಿ ಚಳಿಗಾಲದ ಹೊತ್ತಿಗೆ ಕಡ್ಡಿ ಅರಗಿಸೋಕೆ ಹೊಂದ್ಕೊಂಡಿರತ್ತೆ, ಅದು ಬದಲಾಗೋಕೆ ಎರಡು ಮೂರು ವಾರ ಬೇಕು, ಅಂಥ ಟೈಮಲ್ಲಿ ಏಕ್‌ದಮ್ ಹೊಟ್ಟೆ ತುಂಬ ಜೋಳ ಬಿದ್ರೆ ಒಳಗೆ ಹುಳಿಯಾಗಿ ಆಸಿಡ್ ಜಾಸ್ತಿಯಾಗಿ ಸತ್ತೇ ಹೋಗತ್ತೆ, ಹೊಟ್ಟೆ ತುಂಬಿರೋವಾಗ್ಲೇ. ನಮ್ಮಲ್ಲಿ ಮಳೆಗಾಲದ ಶುರುವಲ್ಲಿ ಹಲಸಿನ ಹಣ್ಣು ಸಿಕ್ಕಾಪಟ್ಟೆ ತಿಂದು ದನ ಹೊಟ್ಟೆ ಉಬ್ಬರಿಸಿ ಮಲಗ್ತಾವಲ್ಲ, ಅದೇ ಥರ. ಮೂಟೆ ವಾಪಸ್ ಹೋಯ್ತು. ಅಜ್ಜ "ಕೊಡೋದಾದ್ರೆ ಬೆಳೆಸಿ ಕೊಡು" ಅಂದು ಟ್ರ್ಯಾಕ್ಟರ್ ಹತ್ತಿ ಹೋದ. ಅಲ್ಲಿಂದ ಶುರುವಾಗಿದ್ದು ನೋಡಿ.

ನಮ್ಮ ಕೌಂಟಿಯಂಥ ಕಡೆಗಳಲ್ಲಿ ವರ್ಷವರ್ಷ ಗಿಡದ ಸೇಲ್ ನಡೆಯತ್ತೆ, ಚಳಿಗಾಲದಲ್ಲಿ ಆರ್ಡರ್ ಕೊಟ್ರೆ ಏಪ್ರಿಲಲ್ಲಿ ಬೇರ್ ರೂಟ್ ಗಿಡ, ಅಂದ್ರೆ ಕುಂಡ ಮಣ್ಣು ಏನೂ ಇಲ್ದೆ ಬರೀ ಬೇರು, ಒದ್ದೆ ಪೇಪರಲ್ಲಿ ಸುತ್ತಿ ಕಟ್ಟು ಕಟ್ಟಾಗಿ ಕೊಡ್ತಾರೆ. 2021ರಲ್ಲಿ ನಾನು ತಗೊಂಡಿದ್ದು ರೆಡ್ ಓಸಿಯರ್ ಡಾಗ್‌ವುಡ್ 25, ಸಿಲ್ಕಿ ಡಾಗ್‌ವುಡ್ 25, ಹೈಬುಷ್ ಕ್ರ್ಯಾನ್‌ಬೆರಿ 10, ವೈಟ್ ಸೀಡರ್ 10. ಎಲ್ಲ ತೇವದ ಜಾಗಕ್ಕೆ ಹೇಳಿ ಮಾಡ್ಸಿದ್ದು ಅಂತ ಲೇಬಲ್ಲಲ್ಲಿ ಬರೆದಿತ್ತು. ರೆಡ್ ಓಸಿಯರ್ ಅಂದ್ರೆ ಪೊದೆ ಜಾತಿ, ಆಳೆತ್ತರ ಬೆಳೆಯತ್ತೆ, ಬೇಸಿಗೇಲಿ ನೋಡಿದ್ರೆ ಸಾಮಾನ್ಯ ಗಿಡ, ಎಲೆ ಉದುರಿದ ಮೇಲೆ ಕಾಂಡ ಕುಂಕುಮದ ಕೆಂಪು, ಹಿಮದ ಮೇಲೆ ಯಾರೋ ಬಣ್ಣ ಚೆಲ್ಲಿದ ಹಾಗೆ ಕಾಣತ್ತೆ. ಜಿಂಕೆಗೆ, ಇನ್ನೂ ಉತ್ತರಕ್ಕೆ ಹೋದ್ರೆ ಮೂಸ್ ಅನ್ನೋ ದೈತ್ಯ ಜಿಂಕೆಗೆ, ಇದು ಅಂದ್ರೆ ಪ್ರಾಣ.

ತೇವ ಬೇಕು ಅಂದ್ರಲ್ಲ, ಎಲ್ಲಿ ಜಾಸ್ತಿ ತೇವ ಇದೆಯೋ ಅಲ್ಲೇ ನೆಟ್ಟೆ. ಇಂಜಿನಿಯರ್ ಬುದ್ಧಿ. ಅಲ್ಲಿನ ಮಣ್ಣು ಮಣ್ಣೇ ಅಲ್ಲ, ಸಾವಿರಾರು ವರ್ಷ ಕೊಳೆತ ಎಲೆ ಬೇರು ಸೇರಿ ಆದ ಕಪ್ಪು ಮಕ್, ಕೈಯಲ್ಲಿ ಹಿಡಿದ್ರೆ ಫಿಲ್ಟರಲ್ಲಿ ಉಳಿಯೋ ಕಾಫಿ ಚರಟದ ಥರ. ಸನಿಕೆ ಹಾಕಿ ಎತ್ತಿದ್ರೆ ಕೊಳೆತ ಮೊಟ್ಟೆ ವಾಸನೆ. ಆ ವಾಸನೆ ಬಂತು ಅಂದ್ರೆ ಆ ಮಣ್ಣಲ್ಲಿ ಗಾಳಿ ಆಡ್ತಿಲ್ಲ ಅಂತರ್ಥ, ಇದು ನಂಗೆ ಆವಾಗ ಗೊತ್ತಿದ್ರೆ ಅಲ್ಲೇ ನಿಲ್ಲಿಸ್ತಿದ್ದೆ. ಗುಂಡಿ ತೋಡ್ತೀನಿ, ನೀರು ತುಂಬ್ಕೊಳತ್ತೆ, ಬೇರು ಇಟ್ರೆ ತೇಲತ್ತೆ, ಕಾಲಲ್ಲಿ ಒತ್ತಿ ಹಿಡಿದು ಮಕ್ ಮುಚ್ಚೋದು, ಮುಚ್ಚೋವಾಗ ನನ್ನ ಬಲಗಾಲ ಬೂಟು ಒಳಗೇ ಉಳಿದು ಕಾಲು ಮಾತ್ರ ಮೇಲೆ ಬಂತು, ಬರೀ ಸಾಕ್ಸಲ್ಲಿ ಏಪ್ರಿಲ್ ನೀರಿಗೆ ಕಾಲಿಟ್ಟಾಗ ಬಾಯಲ್ಲಿ ಏನು ಬಂತು ಅಂತ ಇಲ್ಲಿ ಬರೆಯೋಕಾಗಲ್ಲ, ಮಗಳು ಹಿಂದೇನೇ ನಿಂತಿದ್ಲು.

ಆ ಅಕ್ಟೋಬರಲ್ಲಿ ಎಣಿಸಿದ್ರೆ 70ರಲ್ಲಿ 23 ಉಳಿದಿತ್ತು. ಮುಂದಿನ ಏಪ್ರಿಲಲ್ಲಿ 11. ಒಂದೊಂದಕ್ಕೂ ಒಂದೊಂದು ಸಾವು. ಕ್ರ್ಯಾನ್‌ಬೆರಿ ಹತ್ತೂ ಉಸಿರುಕಟ್ಟಿ ಹೋಯ್ತು, ಮೇ ಕೊನೆ ತನಕ ಬೇರು ನಿಂತ ನೀರಲ್ಲಿ. ಸೀಡರ್ ಹತ್ತನ್ನೂ ಜಿಂಕೆ ಮೊದಲ ಹಿಮ ಬೀಳೋಕೆ ಮುಂಚೇನೇ ಬುಡಕ್ಕೆ ತಿಂದು ಮುಗಿಸ್ತು, ಅದಕ್ಕೆ ಸೀಡರ್ ಅಂದ್ರೆ ನಮ್ಮ ಮಕ್ಕಳಿಗೆ ಚಕ್ಕುಲಿ ಇದ್ದ ಹಾಗೆ, ಎದುರಿಗೆ ಇಟ್ಟು ಉಳೀಲಿ ಅಂತ ಆಸೆ ಪಡಬಾರದು. ಡಾಗ್‌ವುಡ್ ಒಂದಿಷ್ಟು ಹುಲ್ಲಲ್ಲಿ ಮುಳುಗಿ ಹೋಯ್ತು. ರೀಡ್ ಕ್ಯಾನರಿ ಗ್ರಾಸ್ ಅಂತ ಒಂದು ದರಿದ್ರ ಹುಲ್ಲು, ಜುಲೈ ಹೊತ್ತಿಗೆ ನನ್ನ ಭುಜದೆತ್ತರ, ನೆಲದೊಳಗೆ ಬೇರಿನ ಚಾಪೆ, ಇನ್ನೊಂದು ಗಿಡಕ್ಕೆ ಬಿಸಿಲೇ ಬಿಡಲ್ಲ. ಉಳಿದ ಡಾಗ್‌ವುಡ್‌ನ ಕಥೆ ಇನ್ನೂ ವಿಚಿತ್ರ. ಮಕ್ ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಗಿಡವನ್ನ ಮೇಲಕ್ಕೆ ತಳ್ಳತ್ತೆ, ಕರಗಿದಾಗ ಮಣ್ಣು ಇಳಿಯತ್ತೆ ಗಿಡ ಇಳಿಯಲ್ಲ, ಹೀಗೆ ಹತ್ತಾರು ಸಲ ಆದ್ರೆ ಬೇರು ಸಮೇತ ಆಚೆ. ಏಪ್ರಿಲಲ್ಲಿ ಹೋದಾಗ ಸಾಲಾಗಿ ನೆಲದ ಮೇಲೆ ಮಲಗಿದ್ವು, ಯಾರೋ ನೀಟಾಗಿ ಕಿತ್ತು ಜೋಡಿಸಿಟ್ಟ ಹಾಗೆ. ಮೊದಲು ಯಾರೋ ಹುಡುಗರ ಕಿತಾಪತಿ ಅಂದ್ಕೊಂಡಿದ್ದೆ.

ಬೇಜಾರಾಗಿ ಒಂದಷ್ಟು ದಿನ ಆ ಕಡೆ ತಲೆ ಹಾಕ್ಲಿಲ್ಲ. ಆಮೇಲೆ ಆ 11 ಎಲ್ಲೆಲ್ಲಿ ಉಳಿದಿದೆ ಅಂತ ಸುಮ್ನೆ ನೋಡ್ತಾ ಹೋದೆ, ಆವಾಗ ಹೊಳೀತು. ಒಂಬತ್ತು ಗಿಡ ಉಬ್ಬಿನ ಮೇಲಿತ್ತು. ಜೌಗು ದೂರದಿಂದ ಮಟ್ಟಸ ಕಂಡ್ರೂ ಮಟ್ಟಸ ಅಲ್ಲ, ಟಸಕ್ ಸೆಡ್ಜ್ ಅನ್ನೋ ಜೊಂಡಿನ ಜಾತಿ ಹುಲ್ಲು ವರ್ಷಾನುಗಟ್ಟಲೆ ತನ್ನದೇ ಬೇರು ಎಲೆ ಮೇಲೆ ಬೆಳೀತಾ ಒಂದೊಂದು ಅಡಿ ಎತ್ತರದ ಗುಪ್ಪೆ ಕಟ್ಟಿರತ್ತೆ, ಜೊತೆಗೆ ಹಳೇ ಬಿದ್ದ ಮರ ಕೊಳೆತು ಆದ ದಿಬ್ಬ, ಅಂಚಲ್ಲಿ ನಿಧಾನಕ್ಕೆ ಏರೋ ಇಳಿಜಾರು. ಒಂದಡಿ ಮೇಲೆ ಹೋದ್ರೆ ಬೇರೆ ಪ್ರಪಂಚ. ನಾನು ನಾಲ್ಕು ಎಕರೆ ಜೌಗು ಅಂತ ಒಂದೇ ಹೆಸರಲ್ಲಿ ಕರೀತಿದ್ದ ಜಾಗದಲ್ಲಿ ಕಮ್ಮಿ ಅಂದ್ರೂ ಮೂರು ಥರ ನೆಲ ಇತ್ತು. ಅಪ್ಪನ ಗದ್ದೇಲಿ ಬೆಟ್ಟುಗದ್ದೆ ಬೇರೆ, ಬಯಲುಗದ್ದೆ ಬೇರೆ ಅಂತ ಗೊತ್ತಿದ್ದೋನಿಗೆ ಇದು ಹೊಳೆಯೋಕೆ ಒಂದು ವರ್ಷ, 59 ಗಿಡ ಬೇಕಾಯ್ತು.

2022 ಪೂರ್ತಿ ಒಂದು ಗಿಡಾನೂ ನೆಡ್ಲಿಲ್ಲ. ಬಣ್ಣದ ರಿಬ್ಬನ್ ಕಟ್ಟಿದ ಗೂಟ ನೆಟ್ಟು ನೀರು ನೋಡಿದೆ ಅಷ್ಟೆ. ಏಪ್ರಿಲ್ ಮಧ್ಯದಲ್ಲಿ ನೀರು ಎಲ್ಲೀ ತನಕ, ಜೂನ್ ಮೊದಲ ವಾರ ಎಲ್ಲೀ ತನಕ. ಜೂನಲ್ಲೂ ನೀರು ನಿಂತಿರೋ ಕಡೆ ಪೊದೆ ಆಸೆ ಬಿಡೋದು, ಅಲ್ಲಿ ಜೊಂಡು ಕಪ್ಪೆ ಇರ್ಲಿ. ಏಪ್ರಿಲಲ್ಲಿ ಮುಳುಗಿ ಮೇ ಮೊದಲೇ ಬಿಡೋ ಕಡೆ ವಿಲ್ಲೋ ಅನ್ನೋ ನೀರಂಚಿನ ಗಿಡ ಮತ್ತೆ ರೆಡ್ ಓಸಿಯರ್. ಅದಕ್ಕೂ ಮೇಲೆ, ಒದ್ದೆ ಇರತ್ತೆ ಆದ್ರೆ ನೀರು ನಿಲ್ಲಲ್ಲ ಅನ್ನೋ ಕಡೆ ಕ್ರ್ಯಾನ್‌ಬೆರಿ, ಸಿಲ್ಕಿ ಡಾಗ್‌ವುಡ್. ಮಧ್ಯದಲ್ಲಿ ಒಂದು ದುರ್ಬುದ್ಧಿ ಬಂದಿತ್ತು, ಎರಡು ಟ್ರಕ್ ಮಣ್ಣು ತರಿಸಿ ದಿಬ್ಬ ಮಾಡ್ಬಿಡೋಣ ಅಂತ. ಫೋನ್ ಮಾಡಿ ಕೇಳಿದ್ದಕ್ಕೆ ಬಚಾವ್, ಇಲ್ಲಿ ಜೌಗು ಭೂಮಿಗೆ ಮಣ್ಣು ಸುರಿಯೋಕೆ, ಮಷೀನಲ್ಲಿ ಅಗೆಯೋಕೆ, ನೀರು ಬಸಿಯೋಕೆ ರಾಜ್ಯದ ಪರಿಸರ ಇಲಾಖೆ ಪರ್ಮಿಟ್ ಬೇಕು. ಸನಿಕೆ ಹಿಡ್ಕೊಂಡು ಗಿಡ ನೆಡೋಕೆ ಯಾರೂ ಬೇಡ ಅನ್ನಲ್ಲ. ಹುಲ್ಲಿಗೆ ಔಷಧಿ ಹೊಡೆಯೋ ಯೋಚನೇನೂ ಬಿಟ್ಟೆ, ನೀರಿನ ಹತ್ರ ಅದರದ್ದೇ ಬೇರೆ ರಗಳೆ. ಡೈರಿಯೋರು ಮೇವಿನ ಗುಡ್ಡೆ ಮೇಲೆ ಹೊದಿಸೋ ದಪ್ಪ ಕಪ್ಪು ಸಿಲೇಜ್ ಟಾರ್ಪು ಸೆಕೆಂಡ್ ಹ್ಯಾಂಡ್ ಸಿಕ್ತು, ಅದನ್ನ ಕತ್ತರಿಸಿ ಐದು ಕಡೆ ಹಾಸಿ ಮೇಲೆ ಕಲ್ಲು, ಹಳೇ ಟೈರು ಹೇರಿ ಏಪ್ರಿಲ್‌ನಿಂದ ಮುಂದಿನ ಮಾರ್ಚ್ ತನಕ ಹಾಗೇ ಬಿಟ್ಟೆ. ಹುಲ್ಲಿಗೆ ಒಂದು ಪೂರ್ತಿ ಸೀಸನ್ ಬೆಳಕು ಸಿಗ್ಲಿಲ್ಲ ಅಂದ್ರೆ ಬೇರಲ್ಲಿರೋ ಪಿಷ್ಟ ಖರ್ಚಾಗಿ ಸಾಯತ್ತೆ. ಎರಡು ತಿಂಗಳಿಗೆ ತೆಗೆದ್ರೆ ಮತ್ತೆ ನಗ್ತಾ ಎದ್ದು ಬರತ್ತೆ.

ಈ ಸಲ ಗಿಡ ಕೊಳ್ಳಲ್ಲ ಅಂತ ಮೊದಲೇ ಡಿಸೈಡ್ ಮಾಡಿದ್ದೆ. ಅಜ್ಜನ ಜಮೀನಿನ ಚರಂಡಿ ಪಕ್ಕ ರೆಡ್ ಓಸಿಯರು, ವಿಲ್ಲೋ ಎರಡೂ ದಂಡಿಯಾಗಿದೆ, ಎಷ್ಟು ಬೇಕಾದ್ರೂ ಕಡ್ಕೋ ಅಂದ. 2023ರ ಯುಗಾದಿ ಕಳೆದ ಶನಿವಾರ, ಬೆಳಿಗ್ಗೆ ಇನ್ನೂ ನೀರೆಲ್ಲ ಐಸ್, ಹೋಗಿ ಕಡ್ಡಿ ಕಡಿದೆ. ಮೊಗ್ಗು ಒಡೆಯೋಕೆ ಮುಂಚೆ ಕಡೀಬೇಕು, ಎಲೆ ಬಂದ ಮೇಲೆ ಕಡಿದ್ರೆ ಇರೋ ಶಕ್ತಿಯೆಲ್ಲ ಎಲೆಗೆ ಹೋಗಿ ಬೇರು ಬಿಡೋಕೆ ಏನೂ ಉಳಿಯಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣ, ಎರಡಡಿ ಉದ್ದ. ಬುಡದ ಕಡೆ ಓರೆಯಾಗಿ, ತುದಿ ಕಡೆ ನೇರವಾಗಿ ಕತ್ತರಿಸೋದು, ಓರೆ ಇದ್ರೆ ಮಣ್ಣಿಗೆ ಇಳಿಯೋದು ಸುಲಭ, ಅದಕ್ಕಿಂತ ಮುಖ್ಯ ಯಾವುದು ಮೇಲೆ ಯಾವುದು ಕೆಳಗೆ ಅಂತ ಆಮೇಲೆ ಗೊಂದಲ ಆಗಲ್ಲ. ಡಾಗ್‌ವುಡ್ ಮೊಗ್ಗು ಎದುರುಬದುರು ಜೋಡಿಯಾಗಿರತ್ತೆ, ವಿಲ್ಲೋದು ಒಂದು ಈ ಕಡೆ ಒಂದು ಆ ಕಡೆ, ಅದರಲ್ಲೇ ಗುರುತು ಹಿಡೀಬಹುದು. ಒಟ್ಟು 220 ಆಯ್ತು. ಕೈ ಬೊಬ್ಬೆ.

ಅವತ್ತು ರಾತ್ರಿ ಅಪ್ಪನಿಗೆ ವಿಡಿಯೋ ಕಾಲಲ್ಲಿ ತೋರಿಸಿದೆ. ಮೊದಲ ಸಲ ಅವರಿಗೆ ಇಂಟರೆಸ್ಟ್ ಬಂತು, ಯಾಕಂದ್ರೆ ಗೂಟ ನೆಟ್ಟು ಗಿಡ ಮಾಡೋದು ಅವರ ಕಸುಬು. ಮೆಣಸಿನ ಬಳ್ಳಿ ಹಬ್ಬಿಸೋಕೆ ಹಾಲುವಾಣದ ಗೂಟ ನೆಡ್ತಾರಲ್ಲ ನಮ್ಮಲ್ಲಿ, ಬೇಸಿಗೇಲಿ ಕಡಿದು, ನೆರಳಲ್ಲಿ ನೆಟ್ಟಗೆ ನಿಲ್ಲಿಸಿಟ್ಟು, ಮಳೆ ಶುರುವಾಗೋ ಹೊತ್ತಿಗೆ ನೆಡೋದು. "ನೆರಳಲ್ಲಿ ಒಂದಷ್ಟು ದಿನ ಬಾಡಿಸ್ಬೇಕು ಕಣೋ, ಹಸೀದು ನೆಟ್ರೆ ಕೊಳೆಯತ್ತೆ" ಅಂದ್ರು. ಇಲ್ಲಿ ಪೂರಾ ಉಲ್ಟಾ. ವಿಲ್ಲೋ, ಡಾಗ್‌ವುಡ್ ಕಡ್ಡಿ ಒಣಗಿದ್ರೆ ಕಥೆ ಮುಗೀತು, ಒದ್ದೆ ಪೇಪರಲ್ಲಿ ಸುತ್ತಿ ತಣ್ಣಗೆ ಇಡಬೇಕು, ನೆಡೋಕೆ ಮುಂಚೆ ಒಂದೆರಡು ದಿನ ನೀರಲ್ಲಿ ನೆನೆಸ್ಬೇಕು. ಅಪ್ಪ ನಂಬ್ಲಿಲ್ಲ. ನಮ್ಮ ಬೇಸ್‌ಮೆಂಟಿನ ಎರಡನೇ ಫ್ರಿಜ್ಜಲ್ಲಿ ಎರಡು ವಾರ ಕೊತ್ತಂಬರಿ ಸೊಪ್ಪು, ದೋಸೆ ಹಿಟ್ಟಿನ ಪಕ್ಕ 220 ಕಡ್ಡಿ ಮಲಗಿತ್ತು, ಅದರ ಬಗ್ಗೆ ಮನೇಲಿ ಏನೇನು ಮಾತಾಯ್ತು ಅನ್ನೋದು ಈ ಬರಹದ ವ್ಯಾಪ್ತಿಗೆ ಬರಲ್ಲ.

ಏಪ್ರಿಲ್ ಎರಡನೇ ವಾರ ನೆಟ್ಟಿದ್ದು. ಕನ್ನಡ ಕೂಟದ ಇಬ್ಬರು ಫ್ರೆಂಡ್ಸು ಬಿಸಿಬೇಳೆಬಾತ್ ಆಸೆಗೆ ಬಂದಿದ್ರು. ಕೆಲಸ ತುಂಬಾ ಸಿಂಪಲ್, ಕಾಂಕ್ರೀಟಿಗೆ ಹಾಕೋ ಕಬ್ಬಿಣದ ಕಂಬಿಯಲ್ಲಿ ಮೊದಲು ತೂತು ಮಾಡೋದು, ಕಡ್ಡಿ ಇಳಿಸೋದು, ಮುಕ್ಕಾಲು ಭಾಗ ಒಳಗೆ, ಮೇಲೆ ಎರಡು ಮೂರು ಮೊಗ್ಗು ಕಾಣೋ ಹಾಗೆ, ಸುತ್ತ ಕಾಲಲ್ಲಿ ಒತ್ತೋದು, ಕಡ್ಡಿ ಪಕ್ಕ ಗಾಳಿ ಉಳೀಬಾರದು. ಇಷ್ಟು ಆಳ ಇಳಿಸಿದ್ರೆ ಐಸ್ ಬಂದು ಎತ್ತಿ ಹಾಕೋದೂ ಕಷ್ಟ. ಟಾರ್ಪ್ ತೆಗೆದ ಜಾಗ ಕಪ್ಪಗೆ ಬೋಳಾಗಿ ನೆಡೋಕೆ ಎಷ್ಟು ಚಂದ ಇತ್ತು ಅಂದ್ರೆ ಹಿಂದಿನ ವರ್ಷ ಟೈರು ಹೊತ್ತಿದ್ದು ಮರೆತೇ ಹೋಯ್ತು. ಮಗಳು ಒಂದು ಸಾಲು ಪೂರ್ತಿ ತಲೆಕೆಳಗಾಗಿ ನೆಟ್ಟಿದ್ಲು, ಓರೆ ತುದಿ ಚೂಪಾಗಿ ಮೇಲೆ, ಭರ್ಜಿ ಇದ್ದ ಹಾಗೆ. ಯಾಕೆ ಅಂದ್ರೆ "ಜಿಂಕೆ ಬಂದ್ರೆ ಮೂತಿಗೆ ಚುಚ್ಲಿ ಅಂತ." ಯಾರಿಗೋಸ್ಕರ ನೆಡ್ತಿದ್ದೀವಿ ಅನ್ನೋದನ್ನ ಅವಳಿಗೆ ಸರಿಯಾಗಿ ಹೇಳೇ ಇರ್ಲಿಲ್ಲ ನಾನು.

ಅವಳ ಮಾತು ತಮಾಷೆ ಅಲ್ಲ ಆದ್ರೆ. ಈ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಖರ್ಚು, ಶ್ರಮ ಹೋಗೋದು ಜಿಂಕೆ ಬರದ ಹಾಗೆ ನೋಡ್ಕೊಳ್ಳೋಕೆ. ಎಳೇ ಗಿಡ ಮೊದಲ ಎರಡು ವರ್ಷ ತಿನ್ನಿಸ್ಕೊಂಡ್ರೆ ಪೊದೆ ಆಗೋದೇ ಇಲ್ಲ. ಐದಡಿ ಎತ್ತರದ ವೆಲ್ಡ್ ಮೆಷ್, 50 ಅಡಿ ರೋಲು, ಒಂದು ರೋಲಿಗೆ 12 ಅಡಿಗೆ 12 ಅಡಿ ಒಂದು ಚೌಕ ಬರತ್ತೆ, ಅದರೊಳಗೆ ಐದೈದರ ಸಾಲಲ್ಲಿ 25 ಕಡ್ಡಿ. ಐದು ಚೌಕ, 125 ಕಡ್ಡಿ, ಅದರಲ್ಲಿ 100 ಡಾಗ್‌ವುಡ್, 25 ವಿಲ್ಲೋ. ಜಿಂಕೆ ಏಳೆಂಟಡಿ ಬೇಲಿ ಹಾರತ್ತೆ, ಐದಡಿ ಯಾವ ಲೆಕ್ಕ ಅಂತ ನೀವು ಕೇಳ್ಬಹುದು. ಹಾರತ್ತೆ, ಆದ್ರೆ ಇಳಿಯೋಕೆ ಜಾಗ ಕಾಣದ ಇಕ್ಕಟ್ಟಿಗೆ ಹಾರೋಕೆ ಹೆದರತ್ತೆ, ಅದಕ್ಕೇ ಒಂದು ದೊಡ್ಡ ಬೇಲಿಗಿಂತ ಸಣ್ಣ ಸಣ್ಣ ಚೌಕ ಒಳ್ಳೇದು. ನನ್ನ ಐದು ಚೌಕಕ್ಕೆ ಇಲ್ಲೀ ತನಕ ಒಂದೂ ಹಾರಿಲ್ಲ. ಉಳಿದ 95 ಕಡ್ಡಿ ಬೇಲಿ ಹೊರಗೆ ದೇವರ ಮೇಲೆ ಭಾರ ಹಾಕಿ ನೆಟ್ಟೆ.

ಆ ವರ್ಷ ಮೇ ಕೊನೆಯಿಂದ ಜೂನ್ ತನಕ ಮಳೆ ಕೈಕೊಡ್ತು. ಮೇಲಿಂದ ಕೆನಡಾ ಕಾಡ್ಗಿಚ್ಚಿನ ಹೊಗೆ, ಆಕಾಶ ಎಲ್ಲ ಮಂಕು, ಮಾಸ್ಕ್ ಹಾಕ್ಕೊಂಡು ಬಕೆಟಲ್ಲಿ ನೀರು ಹೊತ್ತೆ. ಯಾವ ಜಾಗಕ್ಕೆ? ಹಿಂದೆ ನೀರು ಜಾಸ್ತಿ ಆಯ್ತು ಅಂತ ಗಿಡ ಸತ್ತ ಜಾಗಕ್ಕೆ. ಅಪ್ಪನಿಗೆ ಇದನ್ನ ಹೇಳ್ಲೇ ಇಲ್ಲ.

ಸೆಪ್ಟೆಂಬರ್ ಲೆಕ್ಕ: ಬೇಲಿ ಒಳಗೆ ವಿಲ್ಲೋ 25ಕ್ಕೆ 23, ಡಾಗ್‌ವುಡ್ 100ಕ್ಕೆ 71. ಬೇಲಿ ಹೊರಗಿನ 95ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಚಿಗುರಿತ್ತು, ಆಗಸ್ಟ್ ಹೊತ್ತಿಗೆ ಎಲ್ಲಾ ಬೋಳು, ಮೂವತ್ತೋ ಏನೋ ಮೊಣಕಾಲೆತ್ತರದಲ್ಲಿ ಹಟ ಮಾಡ್ಕೊಂಡು ನಿಂತಿತ್ತು. ಬೇಸಿಗೇಲಿ ಅಷ್ಟೊಂದು ಹಸಿರು ಸುತ್ತ ಇದ್ರೂ ಇದನ್ನೇ ಯಾಕೆ ಬಂದು ತಿನ್ಬೇಕು? ನಮ್ಮನೇಲಿ ಫ್ರಿಜ್ ತುಂಬ ಇದ್ರೂ ಹೊರಗಿಂದ ತರಿಸಿ ತಿನ್ನಲ್ವಾ, ಹಾಗೇ ಇರ್ಬೇಕು.

2023-24ರ ಚಳಿಗಾಲ ಚಳಿಗಾಲದ ಥರಾನೇ ಇರ್ಲಿಲ್ಲ, ಹಿಮ ಬಿದ್ದಿದ್ದು ಕಮ್ಮಿ, ಬೇಲಿ ತೆಗೆಯೋ ಮಾತೇ ಬರ್ಲಿಲ್ಲ. ಆದ್ರೆ ಎರಡನೇ ಚೌಕದಲ್ಲಿ ಒಂಬತ್ತು ಗಿಡ ವೋಲ್ ಅನ್ನೋ ಇಲಿ ಬಾಯಿಗೆ ಹೋಯ್ತು, ಒಣಹುಲ್ಲಿನ ಅಡಿ ಓಡಾಡ್ಕೊಂಡು ಬುಡದ ಸಿಪ್ಪೆ ಸುತ್ತ ಕೆತ್ತಿ ತಿಂದಿತ್ತು. ಜಿಂಕೆಗೆ ಐದಡಿ ಬೇಲಿ ಹಾಕಿ ಕಾವಲು ಕೂತ್ರೆ ಕಳ್ಳ ಕೆಳಗಿಂದ ಬಂದ. ಆಮೇಲಿಂದ ಶರತ್ಕಾಲದಲ್ಲಿ ಚೌಕದೊಳಗಿನ ಹುಲ್ಲು ಗೀಸಿ ತೆಗೆಯೋದು ರೂಢಿ ಮಾಡ್ಕೊಂಡೆ, ಮರೆ ಇಲ್ಲ ಅಂದ್ರೆ ವೋಲ್ ಬರೋಕೆ ಹೆದರತ್ತೆ, ಮೇಲೆ ಗೂಬೆ ಇರತ್ತಲ್ಲ.

2024ರ ಬೇಸಿಗೇಲಿ ಬೆಳೆದಿದ್ದು ನೋಡಿ, ವಿಲ್ಲೋ ಬೇಲಿ ದಾಟಿ ಆಚೆ ಇಣುಕ್ತಿತ್ತು, ಡಾಗ್‌ವುಡ್ ನಾಲ್ಕಡಿ. ಬಗ್ಗಿದ ಕೊಂಬೆ ನೆಲ ಮುಟ್ಟಿದ ಕಡೆ ತಾನೇ ಬೇರು ಬಿಟ್ಟು ಹೊಸ ಗಿಡ ಏಳ್ತಿತ್ತು, ನಾನು ಕೈ ಹಚ್ಚದೇನೇ. ಆವಾಗ ನಿರ್ಧಾರ ಮಾಡಿದೆ, ಈ ಚಳಿಗಾಲ ಎರಡು ಚೌಕ ಬಿಚ್ಚೋದು, ಮೂರು ಹಾಗೇ ಬಿಡೋದು. ಒಂದು ವರ್ಷದ ಚಿಗುರಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನಿಸಿದ್ರೆ ಪೊದೆ ಸೋಲತ್ತೆ, ಸರದಿ ಮೇಲೆ ಬಿಟ್ರೆ ತಡ್ಕೊಳತ್ತೆ.

2025ರ ಜನವರಿ ಮೂರನೇ ವಾರ ಚಳಿ ಅಂದ್ರೆ ಚಳಿ, ಬೆಳಿಗ್ಗೆ ಮೈನಸ್ 20 ಸೆಲ್ಸಿಯಸ್ ಹತ್ರ ಹೋಗಿತ್ತು. ಫೆಬ್ರವರಿ ಮೊದಲ ಭಾನುವಾರ ಹೋಗಿ ಒಂದು ಮತ್ತು ಮೂರನೇ ಚೌಕದ ಮೆಷ್ ಬಿಚ್ಚಿದೆ. ಕಬ್ಬಿಣದ ಗೂಟ ಐಸಲ್ಲಿ ಸಿಕ್ಕಾಕ್ಕೊಂಡಿತ್ತು, ಅದನ್ನ ಅಲ್ಲೇ ಬಿಟ್ಟೆ, ಬರೀ ಜಾಲರಿ ಸುತ್ತಿ ಪಕ್ಕಕ್ಕಿಟ್ಟು ಪ್ರಾಣಿ ಓಡಾಡಿದ್ರೆ ತಾನೇ ಶೂಟ್ ಮಾಡೋ ಟ್ರೇಲ್ ಕ್ಯಾಮೆರಾ ಕಟ್ಟಿ ಬಂದೆ.

ಮುಂದಿನ ವಾರ ಹೋದಾಗ ಸುತ್ತ ಹಿಮ ಎಲ್ಲ ತುಳಿದು ಗಟ್ಟಿಯಾಗಿತ್ತು, ಅಲ್ಲಲ್ಲಿ ಹಿಕ್ಕೆ, ಜಾಲರಿ ಸುರುಳಿ ತುದಿಗೆ ಸಿಕ್ಕಿದ್ದ ಒಂದು ಕಂದು ಕೂದಲು. ಮಂಡಿಯೂರಿ ಕೂತು ಒಂದೊಂದೇ ಕಡ್ಡಿ ನೋಡಿದೆ. ಜಿಂಕೆಗೆ ಮೇಲ್ದವಡೇಲಿ ಮುಂದಿನ ಹಲ್ಲು ಇಲ್ಲ, ನಮ್ಮ ಹಸು ಥರಾನೇ, ಹಾಗಾಗಿ ಕಚ್ಚಿ ಕತ್ತರಿಸೋಕಾಗಲ್ಲ, ಹಿಡಿದು ಜಗ್ಗಿ ಹರಿಯತ್ತೆ, ಕಡ್ಡಿ ತುದಿ ಹಲ್ಲುಜ್ಜಿದ ಬೇವಿನ ಕಡ್ಡಿ ಹಾಗೆ ನಾರು ನಾರಾಗಿರತ್ತೆ. ಮೊಲ ತಿಂದಿದ್ರೆ ಚಾಕುವಲ್ಲಿ ಓರೆಯಾಗಿ ಕೊಯ್ದ ಹಾಗೆ ನೀಟ್. ಮೇಲಿನದ್ದೆಲ್ಲ ನಾರು. ಕೆಳಗೆ, ಹಿಮದ ಮಟ್ಟದಲ್ಲಿ, ಒಂದಷ್ಟು ನೀಟ್. ಕೆಂಪು ಸಿಪ್ಪೆ ಹರಿದಲ್ಲಿ ಒಳಗಿನ ಹಸಿರು ಇನ್ನೂ ಒದ್ದೆಯಾಗಿತ್ತು, ಅವತ್ತು ಬೆಳಿಗ್ಗೇನೇ ತಿಂದಿರ್ಬೇಕು. ಮೂರನೇ ಚೌಕದಲ್ಲಿ ಅರ್ಧದಷ್ಟು ತಿಂದಾಗಿತ್ತು, ಒಂದನೇದರಲ್ಲಿ ಅರ್ಧಾನೂ ದಾಟಿತ್ತು, ಒಂದೇ ವಾರಕ್ಕೆ. ಬೇಲಿ ಇರೋ ಚೌಕಗಳಲ್ಲಿ ಮೆಷ್ ಸಂದಿಯಿಂದ ಆಚೆ ಬಂದಿದ್ದ ಕೊಂಬೆಯೂ ಸರಿಯಾಗಿ ಜಾಲರಿ ಮಟ್ಟಕ್ಕೆ ಕಟ್ ಆಗಿತ್ತು, ಟ್ರಿಮ್ ಮಾಡ್ಸಿದ ಹಾಗೆ.

ಕ್ಯಾಮೆರಾದಲ್ಲಿ ಚಂದದ ಒಂದು ಕ್ಲಿಪ್ ಸಿಕ್ಕಿತ್ತು. ಸಂಜೆ ಐದೂ ಮುಕ್ಕಾಲು, ಎರಡು ಹೆಣ್ಣು, ಹೋದ ವರ್ಷದ ಎರಡು ಮರಿ. ಚಳಿಗೆ ಕೂದಲು ನಿಮಿರಿಸ್ಕೊಂಡು ದುಂಡಗೆ ಕಾಣ್ತವೆ. ಒಂದು ಮರಿ ಡಾಗ್‌ವುಡ್ ಕಡ್ಡಿ ಹಿಡಿದು ಜಗ್ಗತ್ತೆ, ಮೇಲಿದ್ದ ಹಿಮ ಎಲ್ಲ ಮುಖದ ಮೇಲೆ ಬೀಳತ್ತೆ, ತಲೆ ಒದರಿ ಮತ್ತೆ ಅದೇ ಕಡ್ಡಿ. ಹತ್ತು ಸಲ ನೋಡಿದ್ದೀನಿ ನಾನು ಅದನ್ನ. ಅಪ್ಪನಿಗೆ ವಾಟ್ಸ್ಯಾಪಲ್ಲಿ ಕಳಿಸಿದೆ, ನಾಲ್ಕು ವರ್ಷದ ಮೇಲೆ ಏನೋ ಒಂದು ಆಯ್ತಲ್ಲ ಅಂತ ನಂಗೂ ಒಂಚೂರು ಹೆಮ್ಮೆ. ಅಲ್ಲಿ ಬೆಳಿಗ್ಗೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಕೊಟ್ಟಿಗೇಲಿ ದನ ಕೂಗೋ ಸದ್ದು:

"ನೋಡಿದೆ. ಗಿಡ ಚೆನ್ನಾಗಿ ಬಂದಿತ್ತಲ್ಲ ಮಾರಾಯ, ಬೇಲಿ ಎಂತಕ್ಕೆ ತೆಗ್ದೆ?"